ಎರಡು ವರ್ಷದ ಮಡಿಕೆ

ನೀಲಗಿರಿ ಬೆಟ್ಟದ ಕೋತಗಿರಿಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ. ಗುಂಡ್ಲುಪೇಟೆ ಕಡೆಯಿಂದ ಬಟ್ಟೆ ಗಂಟು ಹೊತ್ತು ಬಂದ ನನ್ನಪ್ಪ ಶುರು ಮಾಡಿದ್ದು. ಶಾಲೆ ಯೂನಿಫಾರ್ಮು ಹೊಲಿಯುವಾಗ ಅಪ್ಪ ಕಲಿಸಿದ ಒಂದು ಪದ್ಧತಿಯನ್ನು ನಾನು ಇವತ್ತಿಗೂ ಬಿಟ್ಟಿಲ್ಲ. ಹುಡುಗಿಯರ ಸ್ಕರ್ಟಿನ ಅಂಚಿನಲ್ಲಿ ನಾಲ್ಕು ಬೆರಳು ಬಟ್ಟೆ ಒಳಕ್ಕೆ ಮಡಿಸಿ ಹೊಲಿಯುವುದು. ಮಗು ಬೆಳೆದ ಹಾಗೆ ಈ ಮಡಿಕೆ ಬಿಚ್ಚಿ ಇಳಿಸಬಹುದು, ಎರಡು ವರ್ಷಕ್ಕೆ ಸಾಕು. ಒಳಗಿದ್ದ ಬಟ್ಟೆಗೆ ಬಣ್ಣ ಮಾಸಿರುವುದಿಲ್ಲ. ಹಾಗಾಗಿ ನಮ್ಮೂರ ಹುಡುಗಿಯರ ಸ್ಕರ್ಟಿನ ಕೆಳಗೆ ಕಡುನೀಲಿ ಪಟ್ಟಿ ಕಂಡರೆ, ಇದು ಹೋದ ವರ್ಷದ್ದು ಎಂದು ಹೇಳಿಬಿಡುತ್ತೇನೆ.

ಆ ಜೂನಿನಲ್ಲಿ ದಿಕ್ಕಿಲ್ಲದ ಮಕ್ಕಳನ್ನು ಸಾಕುವ ಮಕ್ಕಳ ಮನೆಯ ಮೇಡಂ ಒಬ್ಬ ಹುಡುಗಿಯನ್ನು ಅಳತೆಗೆ ಕರೆತಂದರು. ಹನ್ನೊಂದು ವರ್ಷ. ಸಮುದ್ರದಾಚೆಯ ದ್ವೀಪದಿಂದ ಕಳ್ಳದೋಣಿಯಲ್ಲಿ ಬಂದವಳು. ದೋಣಿಯಲ್ಲಿ ಒಬ್ಬರಿಗೆ ಮಾತ್ರ ಜಾಗ ಉಳಿದಿತ್ತಂತೆ. ಅಮ್ಮ ಇವಳನ್ನು ಪಕ್ಕದ ಮನೆಯವರ ಜೊತೆ ಹತ್ತಿಸಿ, ಮುಂದಿನ ದೋಣಿಗೆ ನಾನೂ ಬರುತ್ತೇನೆ ಎಂದಿದ್ದಳು. ಈ ದಡ ಸೇರಿದ ಮೇಲೆ ಆ ಮನೆಯವರು ನಿರಾಶ್ರಿತರ ಶಿಬಿರಕ್ಕೆ ಹೋದರು. ಅಪ್ಪ ಅಮ್ಮ ಜೊತೆಗಿಲ್ಲದ ಮಗು ಎಂದು ಇವಳ ಕಾಗದಪತ್ರ ಬೇರೆಯಾಯಿತು. ಕೀಳ್ ಕೋತಗಿರಿಯ ಎಸ್ಟೇಟಿನಲ್ಲಿ ಅಜ್ಜಿಯ ತಮ್ಮನೊಬ್ಬ ಇದ್ದಾನೆಂದು ಈ ಬೆಟ್ಟಕ್ಕೆ ಕಳಿಸಿದರು. ಆ ಮುದುಕನೋ ಹಾಸಿಗೆ ಹಿಡಿದಿದ್ದ. ಮಕ್ಕಳ ಮನೆಯೇ ಗತಿಯಾಯಿತು.

ಟೇಪು ಹಿಡಿದಾಗ ಅವಳು ಅಲ್ಲಾಡದೆ ನಿಂತಳು. ಮುಗಿದ ಮೇಲೆ, "ಅಮ್ಮಮ್ಮಾ, ನಿಮ್ಮ ಮಿಷನ್ನಿಗೆ ಎಣ್ಣೆ ಬೇಕು" ಎಂದಳು. ಅವಳ ಕಡೆಯ ತಮಿಳಿನಲ್ಲಿ ಅಮ್ಮಮ್ಮ ಎಂದರೆ ಅಜ್ಜಿ. ನನಗಿನ್ನೂ ಐವತ್ತೆರಡು! ಮುಖ ಗಂಟಿಕ್ಕಿಕೊಂಡೆ. ಆದರೆ ಮಿಷನ್ನಿಗೆ ಎಣ್ಣೆ ಬೇಕಾಗಿದ್ದದ್ದು ನಿಜ. ಅವಳಮ್ಮ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಹೊಲಿಯುವವಳು ಎಂದು ಮೇಡಂ ಆಮೇಲೆ ಹೇಳಿದರು.

ಮೂರನೇ ದಿನ ಸ್ಕರ್ಟ್ ಕೊಟ್ಟೆ. ಅವಳು ಅದನ್ನು ಹಾಕಿ ನೋಡಲಿಲ್ಲ. ಮೊದಲು ತಿರುವಿ ಹಾಕಿ ಅಂಚಿನ ಮೇಲೆ ಬೆರಳಿಟ್ಟು ಅಳೆದಳು.

"ಇದು ಎರಡು ವರ್ಷದ ಮಡಿಕೆ."

"ಹೌದು. ಬೆಳೆಯೋ ಮಕ್ಕಳಿಗೆ ಹಾಗೇ ಹೊಲಿಯೋದು."

"ಅಮ್ಮ ಮುಂದಿನ ತಿಂಗಳು ಬರ್ತಾಳೆ. ನನಗ್ಯಾಕೆ ಎರಡು ವರ್ಷದ ಮಡಿಕೆ?"

ಅವಳು ಸ್ಕರ್ಟನ್ನು ಮೇಜಿನ ಮೇಲಿಟ್ಟು, ತೆಳ್ಳನೆಯ ಫ್ರಾಕಿನಲ್ಲೇ ಮಂಜಿನೊಳಗೆ ಇಳಿದು ಹೋದಳು. ನಾಲ್ಕು ದಿನ ಶಾಲೆಗೂ ಹೋಗಲಿಲ್ಲವಂತೆ.

ಆ ಸುದ್ದಿ ತಿಳಿದ ದಿನ ಮನೆಯಲ್ಲಿ ಹೇಳಿದರೆ ನನ್ನ ಯಜಮಾನರು ಊಟದ ತಟ್ಟೆ ಪಕ್ಕಕ್ಕೆ ಸರಿಸಿದರು. "ಅಲ್ಲ ಕಣೆ, ಎಲ್ರಿಗೂ ಒಂದೇ ಅಳ್ತೆ ಹಾಕ್ತೀಯಲ್ಲ ನೀನು. ಅವ್ವ ಇವತ್ತು ಬತ್ತಾಳೆ, ನಾಳೆ ಬತ್ತಾಳೆ ಅಂತ ಕುಂತಿರೋ ಮಗೀಗೆ ಎರಡು ವರ್ಸ ಇಲ್ಲೇ ಬಿದ್ದಿರು ಅಂದಂಗಾಯ್ತಲ್ಲ."

ನನಗೆ ಸಿಟ್ಟು ಬಂತು. ಅವರು ಹೇಳಿದ್ದು ಸರಿಯಾಗಿತ್ತು, ಅದಕ್ಕೇ ಬಂತು. ಮಾರನೇ ದಿನ ಆ ಸ್ಕರ್ಟ್ ಹಿಡಿದು ಮಕ್ಕಳ ಮನೆಗೆ ಹೋಗಿ ಅವಳ ಎದುರು ನೆಲದ ಮೇಲೆ ಕೂತು ಮಡಿಕೆಯ ಹೊಲಿಗೆಯನ್ನೆಲ್ಲ ಬಿಚ್ಚಿದೆ. "ನಿನ್ನ ಈಗಿನ ಅಳತೆಗೆ ಹೊಲಿದುಕೊಡ್ತೀನಿ. ಒಂದು ಬೆರಳೂ ಹೆಚ್ಚಿಗೆ ಇಡಲ್ಲ" ಎಂದೆ. ಅವಳು ತಲೆಯಾಡಿಸಿದಳು.

ಅಂಗಡಿಗೆ ಬಂದು ಕತ್ತರಿ ಹಿಡಿದರೆ ಕೈ ಬರಲಿಲ್ಲ. ಆ ತಾಯಿ ಮುಂದಿನ ತಿಂಗಳು ಬರುತ್ತಾಳೆಂದು ನನಗೆ ನಂಬಿಕೆಯಿರಲಿಲ್ಲ. ಒಳ್ಳೆ ಬಟ್ಟೆ ಕತ್ತರಿಸಿ ಬಿಸಾಡಲು ಮನಸ್ಸೂ ಇರಲಿಲ್ಲ. ಅಂಚನ್ನು ಸಣ್ಣದಾಗಿ ಹೊಲಿದು, ಸ್ಕರ್ಟನ್ನೇ ಮೇಲಕ್ಕೆಳೆದು, ಮಿಕ್ಕ ನಾಲ್ಕು ಬೆರಳು ಬಟ್ಟೆಯನ್ನು ಸೊಂಟದ ಪಟ್ಟಿಯೊಳಗೆ ಮಡಿಸಿ ಮುಚ್ಚಿಬಿಟ್ಟೆ. ಮಗುವಿಗೆ ಮೋಸ ಮಾಡುತ್ತಿದ್ದೇನೆ ಎಂದು ಗೊತ್ತಿತ್ತು. ಅವಳು ಅಂಚು ನೋಡಿ, ಸಮಾಧಾನಗೊಂಡು ಹಾಕಿಕೊಂಡಳು.

ಮುಂದಿನ ತಿಂಗಳು ಬಂತು. ಅದರ ಮುಂದಿನದೂ ಬಂತು. ಅಮ್ಮನ ಫೋನು ಸ್ವಿಚ್ ಆಫ್. ಶನಿವಾರ ಶನಿವಾರ ಮೇಡಂ ಅವಳನ್ನು ನನ್ನಲ್ಲಿ ಬಿಟ್ಟು ಪೇಟೆ ಕೆಲಸಕ್ಕೆ ಹೋಗುತ್ತಿದ್ದರು. ಅವಳು ಬಾಬಿನ್ನಿಗೆ ನೂಲು ಸುತ್ತುತ್ತಾ, ವಿಚಾರಣೆಗೆ ಬಂದ ಅಧಿಕಾರಿ ಏನೇನು ಕೇಳಿದರು ಎಂದು ಹೇಳುವಳು. ದೋಣಿಯ ಬಣ್ಣ ಕೇಳಿದರಂತೆ. ಅಮ್ಮ ಅತ್ತಳೇ ಎಂದು ಯಾರೂ ಕೇಳಲಿಲ್ಲವಂತೆ. ನಾನೂ ಕೇಳಲಿಲ್ಲ. ನಮ್ಮ ಬೆಟ್ಟದ ಬೇಕರಿಯ ಪದರುಪದರಾದ ಬಿಸಿ ವರ್ಕಿ ತಂದು ಮುಂದಿಟ್ಟೆ. ಒಂದು ತಿಂದು ಒಂದನ್ನು ಕಾಗದದಲ್ಲಿ ಸುತ್ತಿಕೊಂಡಳು.

ಡಿಸೆಂಬರಿನ ಹೊತ್ತಿಗೆ ಸ್ಕರ್ಟು ಮೊಣಕಾಲಿನ ಮೇಲಕ್ಕೆ ಏರಿತ್ತು. ಇಬ್ಬನಿ ಹೆಪ್ಪುಗಟ್ಟುವ ಕಾಲ, ಮೊಣಕಾಲೆಲ್ಲ ಒಡೆದು ಬೆಳ್ಳಗಾಗಿತ್ತು. ಊರಿನ ಮಕ್ಕಳನ್ನೆಲ್ಲ "ಏನೇ, ಬಿದಿರಿನ ಹಾಗೆ ಬೆಳೀತಿದ್ದೀಯ" ಎಂದು ರೇಗಿಸುವ ನಾನು ಇವಳ ಮುಂದೆ ಮಾತ್ರ ತುಟಿ ಬಿಚ್ಚಲಿಲ್ಲ. ಬೆಳೆದಿದ್ದೀಯ ಎಂದರೆ ಇಷ್ಟು ದಿನ ಕಳೆಯಿತು ಎಂದ ಹಾಗೆ. ಉದ್ದನೆಯ ಕಾಲುಚೀಲ ತಂದುಕೊಟ್ಟೆ.

ಜನವರಿಯ ಒಂದು ಶನಿವಾರ ಅವಳು ಮೇಡಮ್ಮನ್ನು ಹಿಂದೆ ಬಿಟ್ಟು ಓಡಿಬಂದಳು.

"ಅಮ್ಮ ಮಾತಾಡಿದಳು!"

ಸೂಜಿ ಎಲ್ಲಿ ಬಿತ್ತೋ ಗೊತ್ತಿಲ್ಲ. ಅವಳನ್ನು ಎಳೆದು ಅಪ್ಪಿಕೊಂಡೆ. ಅಮ್ಮ ಹತ್ತಿದ ದೋಣಿಯನ್ನು ಅಲ್ಲಿನ ನೌಕಾಪಡೆಯವರು ನಡುನೀರಿನಲ್ಲೇ ಹಿಡಿದು ವಾಪಸ್ಸು ಒಯ್ದು, ಹತ್ತಿದವರನ್ನೆಲ್ಲ ಸೆರೆಯಲ್ಲಿಟ್ಟಿದ್ದರು. ಫೋನು ಅಲ್ಲೇ ಹೋಯಿತು. ಈಗ ಬಿಡುಗಡೆಯಾಗಿ ಮತ್ತೆ ಕಾರ್ಖಾನೆಗೆ ಹೋಗುತ್ತಿದ್ದಾಳೆ. ಇನ್ನು ದೋಣಿ ಬೇಡ, ಕಾಗದಪತ್ರ ಮಾಡಿಸಿಕೊಂಡೇ ಬರುತ್ತೇನೆ, ತಡವಾಗುತ್ತೆ ಎಂದಿದ್ದಾಳೆ. ಎಷ್ಟು ತಡ ಎಂದು ಮೇಡಮ್ಮಿಗೂ ಗೊತ್ತಿರಲಿಲ್ಲ.

"ಎಷ್ಟುದ್ದ ಆಗಿದ್ದೀಯ ಅಂತ ಅಮ್ಮ ಕೇಳಿದಳು. ನನಗೆ ಗೊತ್ತಿರಲಿಲ್ಲ. ಅಳೆದು ಹೇಳಿ ಅಮ್ಮಮ್ಮಾ."

ಅಳೆದೆ. ಎರಡು ಇಂಚು ಬೆಳೆದಿದ್ದಳು. ಅವಳು ಅದನ್ನು ಅಂಗೈಯಲ್ಲಿ ಬರೆದುಕೊಂಡು, "ಸ್ಕರ್ಟ್ ಇಳಿಸಿಕೊಡಿ" ಎಂದಳು.

ನಾನು ಅಂಚು ನೋಡುವ ನಾಟಕ ಮಾಡಿದೆ. "ಅಲ್ಲಿ ಎಲ್ಲಿದೆ?" ಎಂದು ಅವಳು ನಕ್ಕು ಸೊಂಟ ಮುಟ್ಟಿ ತೋರಿಸಿದಳು. "ಇಲ್ಲಿದೆಯಲ್ಲ. ಇಷ್ಟು ದಪ್ಪ ಪಟ್ಟಿ ಯಾರು ಹೊಲೀತಾರೆ? ಮೊದಲ ದಿನವೇ ಗೊತ್ತಾಯ್ತು."

"ಮತ್ತೆ ಯಾಕೆ ಹೇಳಲಿಲ್ಲ?"

"ಕಾಣದ ಹಾಗೆ ಹೊಲಿದಿದ್ರಲ್ಲ, ಅದಕ್ಕೆ."

ಕಣ್ಣು ಮಂಜಾಯಿತು. ಕನ್ನಡಕ ಒರೆಸುತ್ತಾ ಎರಡು ಇಂಚಿಗೆ ಗುರುತು ಹಾಕಲು ಸೀಮೆಸುಣ್ಣ ಎತ್ತಿಕೊಂಡೆ. ಅವಳು ನನ್ನ ಕೈ ಹಿಡಿದಳು.

"ಒಂದು ಇಂಚು ಸಾಕು. ಮಿಕ್ಕಿದ್ದನ್ನ ಅಮ್ಮ ಬಂದು ಬಿಚ್ಚಲಿ. ಅವಳಿಗೂ ಬರುತ್ತೆ."

ಚಳಿಯಲ್ಲವೇನೇ ಎಂದು ಗದರಬೇಕೆನಿಸಿತು. ಆದರೂ ಒಂದೇ ಇಂಚು ಇಳಿಸಿದೆ. ಉಳಿದ ಮಡಿಕೆಗೆ ಮಿಷನ್ ಮುಟ್ಟಿಸದೆ, ದೊಡ್ಡ ದೊಡ್ಡ ಕೈಹೊಲಿಗೆ ಹಾಕಿದೆ. ಇನ್ನೊಬ್ಬ ಹೊಲಿಗೆಯವಳು ನೂಲಿನ ತುದಿ ಹಿಡಿದು ಎಳೆದರೆ ಸಲೀಸಾಗಿ ಬಿಚ್ಚಿ ಬರಬೇಕು, ಹಾಗೆ.