ಕೆಲಸವಿಲ್ಲದ ಅಳಿಯನಿಗೊಂದು ಸರ್ಟಿಫಿಕೇಟು

ನಮ್ಮ ಅಕ್ಕನ ಅಳಿಯ ಕೆಲಸ ಮಾಡುವುದಿಲ್ಲ. ಸೋಮಾರಿಯಲ್ಲ. ಭಾರತ ಸರ್ಕಾರದ ಷರತ್ತು.

ಇದನ್ನು ಇಷ್ಟು ಸಲೀಸಾಗಿ ಬರೆಯುವ ಧೈರ್ಯ ನನಗೆ ಬಂದಿದ್ದು ಕಳೆದ ತಿಂಗಳು. ಅದಕ್ಕೂ ಮುಂಚೆ ಬರೆದಿದ್ದರೆ ಕುದೂರಿನ ಅಕ್ಕನ ಮನೆಯಲ್ಲಿ ನನಗೆ ಊಟ ಸಿಗುತ್ತಿರಲಿಲ್ಲ.

ಅಕ್ಕ ಜಯಮ್ಮ ಈ ಅಂಕಣದ ಓದುಗರಿಗೆ ಹೊಸಬಳಲ್ಲ. (ಹೋದ ವರ್ಷ ಗ್ಯಾಸ್ ಏಜೆನ್ಸಿಯವರಿಗೆ ಫೋನಿನಲ್ಲೇ ಸಾರು ಮಾಡುವುದು ಹೇಳಿಕೊಟ್ಟವಳು ಇವಳೇ.) ಭಾವ ತೀರಿಕೊಂಡು ಬಹಳ ವರ್ಷವಾಯಿತು. ಒಬ್ಬಳೇ ಮಗಳು, ರಶ್ಮಿ. ಮಾಗಡಿಯ ಬ್ಯಾಂಕೊಂದರಲ್ಲಿ ಕೆಲಸ. ಭಾನುವಾರ ಬಂದರೆ ಸಾವನದುರ್ಗದ ಬಂಡೆ ಹತ್ತುವ ಹುಚ್ಚು. ಅಲ್ಲಿಗೆ ಹಗ್ಗದ ಸುರುಳಿ ಹೆಗಲಿಗೆ ಹಾಕಿಕೊಂಡು ಪೋಲೆಂಡಿನಿಂದ ಮಾರೆಕ್ ಎಂಬುವನು ಬಂದಿದ್ದ. ಬಂಡೆಯಿಂದ ಇಬ್ಬರೂ ಕ್ಷೇಮವಾಗಿ ಇಳಿದರು. ಸ್ವಲ್ಪ ದಿನಕ್ಕೆ ರಿಜಿಸ್ಟರ್ ಮದುವೆಯೂ ಆಗಿ, ಅವನು ಕುದೂರಿನ ಅತ್ತೆ ಮನೆಗೇ ಬಂದು ನೆಲೆಸಿದ. ಊರಿನವರು ಒಂದು ವಾರ ಮಾರೆಕ್ ಎಂದು ಕರೆಯಲು ಪ್ರಯತ್ನಪಟ್ಟು, ಆಮೇಲೆ ಮಾರೇಗೌಡ ಎಂದು ತೀರ್ಮಾನ ಮಾಡಿದರು.

ಮಾರೇಗೌಡ ಇಲ್ಲಿರುವುದು ಹೆಂಡತಿಯ ಆಧಾರದ ಮೇಲೆ ಸಿಕ್ಕ ವೀಸಾದಲ್ಲಿ. ಇರಬಹುದು, ಉಣ್ಣಬಹುದು, ಬಂಡೆ ಹತ್ತಬಹುದು. ಸಂಬಳಕ್ಕೆ ದುಡಿಯುವಂತಿಲ್ಲ. ಮದುವೆಯಾಗಿ ಎರಡು ವರ್ಷ ತುಂಬಿದ ಮೇಲೆ ಓಸಿಐ ಕಾರ್ಡಿಗೆ ಅರ್ಜಿ ಹಾಕಬೇಕು. ಅದು ಬಂದರೆ ಇಲ್ಲೇ ಕಾಯಮ್ಮಾಗಿ ಇರಬಹುದು, ದುಡಿಯಲೂಬಹುದು. ಅಷ್ಟರೊಳಗೆ ಎಲ್ಲಾದರೂ ಸಂಬಳಕ್ಕೆ ಕೈಯೊಡ್ಡಿದ ಎಂದು ಗೊತ್ತಾದರೆ ಕಾರ್ಡಿಗೂ ಕುತ್ತು, ವೀಸಾಗೂ ಕುತ್ತು. ಆಮೇಲೆ ಅವನು ಪೋಲೆಂಡಿನಲ್ಲಿ, ಇವಳು ಮಾಗಡಿಯಲ್ಲಿ.

ಈ ನಿಯಮವನ್ನು ಅವನು ಪಾಲಿಸುತ್ತಿದ್ದ ರೀತಿ ನೋಡಿದರೆ ಸರ್ಕಾರಕ್ಕೇ ಮುಜುಗರ ಆಗಬೇಕು. ಪಕ್ಕದ ಮನೆಯ ಸಾಕಮ್ಮನ ಮಿಕ್ಸಿ ಕೆಟ್ಟಿತ್ತು. ಇವನು ಮೂಲತಃ ಲಿಫ್ಟ್ ರಿಪೇರಿಯವನು, ಸುಮ್ಮನಿರಲಾರದೆ ಸರಿ ಮಾಡಿಕೊಟ್ಟ. ಸಾಕಮ್ಮ ಖುಷಿಗೆ ಒಂದು ಮೊರ ಅವರೆಕಾಯಿ ತಂದಿಟ್ಟಳು. ಇವನು ಬ್ಯಾಂಕಿಗೆ ಫೋನ್ ಮಾಡಿ ಹೆಂಡತಿಯನ್ನು ಕೇಳಿದ, ಅವರೆಕಾಯಿ ಸಂಬಳದ ಲೆಕ್ಕಕ್ಕೆ ಬರುತ್ತದೆಯೇ ಎಂದು. ಕ್ಯೂನಲ್ಲಿ ಹತ್ತು ಜನ ಇದ್ದರು. ರಶ್ಮಿ ಗೊತ್ತಿಲ್ಲ ಎಂದಳು. ಇವನು ಅವರೆಕಾಯಿ ವಾಪಸ್ ಕೊಟ್ಟು ಬಂದ. ಮಾಗಡಿ ಸೀಮೆಯಲ್ಲಿ ಸೀಸನ್ನಿನ ಅವರೆಕಾಯಿ ವಾಪಸ್ ಕೊಡುವುದು ಎಂದರೆ ಏನು ಎಂದು ಅವನಿಗೆ ಹೇಗೆ ಗೊತ್ತಾಗಬೇಕು? ಸಾಕಮ್ಮ ಎರಡು ವಾರ ಆ ಮನೆಯ ಕಡೆ ತಿರುಗಿ ನೋಡಲಿಲ್ಲ.

ಇಷ್ಟೆಲ್ಲದರ ನಡುವೆ ನಮ್ಮಕ್ಕನ ಸಮಸ್ಯೆ ಬೇರೆಯೇ ಇತ್ತು. ಅಳಿಯನ ಬಣ್ಣ, ಭಾಷೆ, ಜಾತಿ ಎಲ್ಲಕ್ಕೂ ಅವಳು ಒಂದೊಂದು ಸಮಾಧಾನ ಹುಡುಕಿಕೊಂಡಿದ್ದಳು. "ಮನೆಯಲ್ಲಿ ಕೂತು ಹೆಂಡತಿ ಸಂಬಳದಲ್ಲಿ ಉಣ್ಣುತ್ತಾನೆ" ಎನ್ನುವುದಕ್ಕೆ ಮಾತ್ರ ಸಮಾಧಾನ ಸಿಗಲಿಲ್ಲ. ನಮ್ಮ ಕಡೆ ಕುಡುಕ ಅಳಿಯನನ್ನು ಸಹಿಸುತ್ತೇವೆ, ಕೋಪಿಷ್ಠನನ್ನು ಸಹಿಸುತ್ತೇವೆ. ಒಂದು ಕೆಲಸ ಅಂತ ಇದ್ದರೆ ಸಾಕು. ಬಿಪಿ ಮಾತ್ರೆ ಕೊಡುವ ನರ್ಸಮ್ಮನಿಂದ ಹಿಡಿದು ಬಸ್ಸಿನಲ್ಲಿ ಪಕ್ಕ ಕೂತವರವರೆಗೆ ಎಲ್ಲರೂ ಕೇಳುವುದು ಅದನ್ನೇ.

ಅಕ್ಕ ಅಳಿಯನಿಗೆ ಒಂದು ಕೆಲಸ ಕೊಟ್ಟಳು. ಬಾಯಲ್ಲಿ.

"ಫಾರಿನ್ ಕಂಪ್ನಿ. ವರ್ಕ್ ಫ್ರಮ್ ಹೋಮು" ಎಂದು ಮೊದಲ ಸಲ ಹೇಳಿದ್ದು ಸಾಕಮ್ಮನಿಗೆ. ಈ ಕಾಲಕ್ಕೆ ತಕ್ಕ ಸುಳ್ಳು. ಮನೆಯಲ್ಲೇ ಇರುವವನನ್ನು ಮನೆಯಲ್ಲೇ ಇಟ್ಟು ಕೆಲಸಕ್ಕೆ ಕಳಿಸಬಹುದು. ಅಲ್ಲಿಂದ ಮುಂದೆ ಯಾರಾದರೂ ಗೇಟು ತೆಗೆದರೆ ಸಾಕು, ಅಕ್ಕ ನಡುಮನೆಯ ಬಾಗಿಲು ಎಳೆದು, ಅಳಿಯಂದಿರು ಮೀಟಿಂಗಿನಲ್ಲಿದ್ದಾರೆ ಎಂದು ಪಿಸುಮಾತಿನಲ್ಲಿ ಹೇಳುತ್ತಿದ್ದಳು. ಬಂದವರೂ ಪಿಸುಮಾತಿನಲ್ಲೇ ಕಾಫಿ ಕುಡಿದು ಹೋಗುತ್ತಿದ್ದರು. ಎರಡು ವರ್ಷದಲ್ಲಿ ಆ ಮನೆಯಲ್ಲಿ ನಡೆದಷ್ಟು ಮೀಟಿಂಗ್ ನಮ್ಮ ತಾಲ್ಲೂಕು ಪಂಚಾಯ್ತಿಯಲ್ಲಿ ನಡೆದಿಲ್ಲ.

ರಶ್ಮಿಗೆ ಇದು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಸುಮ್ಮನಿದ್ದೆ. (ಅಕ್ಕನ ಸುಳ್ಳು, ಅಕ್ಕನ ಕಾಫಿ.)

ಕಳೆದ ತಿಂಗಳ ಒಂದು ಮಂಗಳವಾರ ನಾನು ರಾಮನಗರದಿಂದ ಅಲ್ಲಿಗೆ ಹೋಗಿದ್ದೆ. ಕಾರ್ಡಿನ ಅರ್ಜಿ ಹಾಕಿ ಆಗಿತ್ತು. ನಿಪ್ಪಟ್ಟು ತಿನ್ನುತ್ತಾ ಕೂತಿದ್ದಾಗ ಗೇಟಿನ ಸದ್ದಾಯಿತು. ಒಬ್ಬ ಕಾನ್‌ಸ್ಟೇಬಲ್, ಕೈಯಲ್ಲಿ ಫೈಲು. ಅರ್ಜಿಯ ವಿಚಾರಣೆಗೆ ಬಂದಿದ್ದರು. ಅಕ್ಕ ಅಡುಗೆಮನೆಯಿಂದ ಬಂದವಳೇ ನಡುಮನೆಯ ಬಾಗಿಲು ಎಳೆದಳು.

"ಒಸಿ ಕೂತ್ಕಳಿ ಸಾ. ಅಳಿಯಂದ್ರು ಮೀಟಿಂಗಲ್ಲವ್ರೆ."

ಏನು ಕೆಲಸ ಎಂದು ಅವರು ಕೇಳಿದರು. ಫಾರಿನ್ ಕಂಪನಿ ಎಂದಳು. ಎಷ್ಟು ದಿನದಿಂದ ಎಂದರು. ಮದುವೆ ಆದಾಗಿನಿಂದ ಎಂದಳು. ಸಂಬಳ ಬರುತ್ತದೆಯೇ ಎಂದರು. ಅಕ್ಕನಿಗೆ ಅದು ಅಳಿಯನ ಯೋಗ್ಯತೆಯ ಪ್ರಶ್ನೆಯಾಗಿ ಕೇಳಿಸಿತು. ತಿಂಗಳು ತಿಂಗಳು ತಪ್ಪದೆ ಬರುತ್ತದೆ ಎಂದಳು. ಅವರು ಎಲ್ಲವನ್ನೂ ಗುಂಡಗಿನ ಅಕ್ಷರದಲ್ಲಿ ಬರೆದುಕೊಂಡರು. ನನ್ನ ಬಾಯಲ್ಲಿ ನಿಪ್ಪಟ್ಟಿತ್ತು. ಅದನ್ನು ನುಂಗುವಷ್ಟರಲ್ಲಿ ಅಕ್ಕ ಕೆಳಗೆ ಸಹಿ ಹಾಕಿಯಾಗಿತ್ತು, ಮೀಟಿಂಗ್ ಕೆಡಿಸುವುದು ಬೇಡ ಎಂದು ಅವರು ಹೊರಟೂ ಆಗಿತ್ತು.

ನೀವೇ ಹೇಳಿ, ಇದನ್ನು ಸುಳ್ಳುಸಾಕ್ಷಿ ಎನ್ನಬೇಕೋ, ಸಂಬಂಧಿಕರ ಮುಂದೆ ಮರ್ಯಾದೆ ಕಾಯ್ದುಕೊಳ್ಳುವ ಅಭ್ಯಾಸ ಎನ್ನಬೇಕೋ? ಪೊಲೀಸರು ಬಂದರೂ ಅಕ್ಕನ ಕಣ್ಣಿಗೆ ಬೀಗರ ಕಡೆಯವರು ಬಂದ ಹಾಗೇ ಕಂಡಿತ್ತು.

ಸಂಜೆ ಬ್ಯಾಂಕಿನಿಂದ ಬಂದ ರಶ್ಮಿ ವಿಷಯ ಕೇಳಿ, ಕೈಲಿದ್ದ ಬ್ಯಾಗನ್ನೂ ಇಳಿಸದೆ ಹಾಗೇ ಗೋಡೆಗೆ ಒರಗಿ ನಿಂತಳು. ಅವಳು ಕೂಗಾಡಿದ್ದರೆ ಚೆನ್ನಾಗಿತ್ತು.

"ಅಮ್ಮಾ, ಅವ್ರನ್ನ ಇಲ್ಲಿಂದ ಕಳ್ಸೋಕೆ ಸರ್ಕಾರಕ್ಕೆ ಬೇಕಾಗಿದ್ದು ಇದೊಂದೇ ಮಾತು. ಅದನ್ನ ನೀನೇ ಹೇಳಿ, ಸಹಿ ಹಾಕಿ ಕೊಟ್ಟಿದ್ದೀಯ."

ಅಕ್ಕ ಅವತ್ತು ಊಟ ಮಾಡಲಿಲ್ಲ. ಮಾರೇಗೌಡ ಅತ್ತೆಯ ಪಕ್ಕ ಕೂತು, ಅವಳಿಂದಲೇ ಕಲಿತ ಕುದೂರಿನ ಕನ್ನಡದಲ್ಲಿ "ಒಸಿ ಉಣ್ಣತ್ತೆ" ಎಂದು ನಾಲ್ಕು ಸಲ ಹೇಳಿದ. ಎರಡು ವರ್ಷದಲ್ಲಿ ಯಾವತ್ತಾದರೂ ಒಂದು ದಿನ ನಾನು ಬಾಯಿ ಬಿಟ್ಟಿದ್ದರೆ ಇದು ಇಲ್ಲಿಗೆ ಬರುತ್ತಿರಲಿಲ್ಲ.

ಬೆಳಗ್ಗೆ ನಾನೂ ರಶ್ಮಿಯೂ ಸ್ಟೇಷನ್ನಿಗೆ ಹೋದೆವು. ಪುಣ್ಯಕ್ಕೆ ರಿಪೋರ್ಟು ಇನ್ನೂ ಮೇಲಕ್ಕೆ ಹೋಗಿರಲಿಲ್ಲ. ಬ್ಯಾಂಕಿನ ದಾಖಲೆಗಳನ್ನೆಲ್ಲ ನೋಡಿದ ಸಾಹೇಬರು ಒಳ್ಳೆಯ ಮನುಷ್ಯ. ತಾಯಿ ಹೇಳಿದ್ದು ತಪ್ಪಾಗಿದ್ದರೆ ಸರಿಯಾದದ್ದನ್ನು ಬರೆದುಕೊಡಲಿ, ಆದರೆ ಮನೆಯನ್ನು ಚೆನ್ನಾಗಿ ಬಲ್ಲ ಅಕ್ಕಪಕ್ಕದ ಇಬ್ಬರು ಓದಿಸಿ ಕೇಳಿ ಸಾಕ್ಷಿ ಹಾಕಲಿ ಎಂದರು.

ಅಕ್ಕಪಕ್ಕದ ಇಬ್ಬರು. ಒಂದು ಪಕ್ಕ ಅಂಗಡಿ ಶಿವಣ್ಣ. ಇನ್ನೊಂದು ಪಕ್ಕ ಸಾಕಮ್ಮ.

ಬೇರೆ ಯಾರೂ ಆಗುವುದಿಲ್ಲವೇ ಎಂದು ಅಕ್ಕ ನನ್ನನ್ನು ಮೂರು ಸಲ ಕೇಳಿದಳು. ಪಕ್ಕದ ಬೀದಿಯವರು? ನೆಂಟರು? ಆಗುವುದಿಲ್ಲ ಎಂದೆ. ಅವಳು ಬೀರು ತೆಗೆದು ಒಳ್ಳೆಯ ಸೀರೆ ಉಟ್ಟುಕೊಂಡು ಬಂದಳು. ಆಪರೇಷನ್ನಿಗೆ ಹೋಗುವ ಮುಂಚೆಯೂ ಅವಳು ಹೀಗೇ ಮಾಡಿದ್ದಳು.

ಗುರುವಾರ ಹಜಾರದಲ್ಲಿ ಎಲ್ಲರೂ ಸೇರಿದೆವು. ಪೇಪರಿಗೆ ಬರೆಯುವವನು ಎಂಬ ಒಂದೇ ಅರ್ಹತೆಯ ಮೇಲೆ ಹೇಳಿಕೆ ಬರೆಯುವ ಭಾಗ್ಯ ನನ್ನದಾಗಿತ್ತು. ಮೂವತ್ತು ವರ್ಷದಿಂದ ಬರೆಯುತ್ತಿದ್ದೇನೆ, ಇಷ್ಟು ಕಷ್ಟದ ಮೂರು ವಾಕ್ಯ ಬರೆದಿಲ್ಲ. ಮೆಲ್ಲಗೆ ಓದು ಎಂದು ಅಕ್ಕ ಸನ್ನೆ ಮಾಡಿದಳು. ಸಾಕ್ಷಿಗಳಿಗೆ ಕೇಳಬೇಕು, ಜೋರಾಗಿ ಓದಿ ಎಂದು ಕಾನ್‌ಸ್ಟೇಬಲ್ ಹೇಳಿದರು. ಓದಿದೆ.

'ನನ್ನ ಅಳಿಯ ಮಾರೆಕ್ ಅವರು ಭಾರತದಲ್ಲಿ ಯಾವುದೇ ಸಂಬಳದ ಕೆಲಸ ಮಾಡಿರುವುದಿಲ್ಲ. ಅವರ ಜೀವನ ನನ್ನ ಮಗಳ ಸಂಬಳದಿಂದ ನಡೆಯುತ್ತಿದೆ. ಅವರು ಕಂಪನಿ ಕೆಲಸದಲ್ಲಿದ್ದಾರೆಂದು ನಾನು ಹೇಳಿದ್ದು ಸುಳ್ಳು.'

ಯಾಕೆ ಸುಳ್ಳು ಹೇಳಿದಿರಿ, ಅದನ್ನೂ ಬರೆಯಬೇಕು ಎಂದರು ಕಾನ್‌ಸ್ಟೇಬಲ್. ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ನಾಚ್ಕೆ ಆಗೋದು ಸಾ" ಎಂದಳು. ನಾನು 'ಮರ್ಯಾದೆಗೆ ಅಂಜಿ' ಎಂದು ಸೇರಿಸಿದೆ.

ಶಿವಣ್ಣ ಸಹಿ ಹಾಕಿದ. ಪೆನ್ನು ಸಾಕಮ್ಮನ ಕೈಗೆ ಹೋಯಿತು. ಅವಳು ಹಾಳೆಯನ್ನು ನೋಡಿದಳು, ಅಕ್ಕನನ್ನು ನೋಡಿದಳು. ಮುಗಿಯಿತು, ಇನ್ನು ಊರಲ್ಲಿ ತಲೆ ಎತ್ತುವ ಹಾಗಿಲ್ಲ ಎಂದು ಅಕ್ಕ ಕಣ್ಣು ಮುಚ್ಚಿಕೊಂಡಿದ್ದಳು.

"ನಂಗೊತ್ತಿತ್ತು ಕಣಕ್ಕ. ನೀನು ಮೀಟಿಂಗು ಅಂತ ಬಾಗ್ಲಾಕ್ತಿದ್ದೆ. ಅವ್ರು ಹಿತ್ಲಲ್ಲಿ ನಿನ್ ಸೀರೆ ಒಗ್ದು ಒಣಾಕ್ತಿದ್ರು. ನಮ್ ತಾರ್ಸಿ ಮೇಲಿಂದ ಎಲ್ಲಾ ಕಾಣ್ತದೆ."

ಸಾಕಮ್ಮ ನಿಧಾನವಾಗಿ ಸಹಿ ಹಾಕುತ್ತಾ, ಹಾಳೆಗೇ ಹೇಳುವ ಹಾಗೆ ಇನ್ನೊಂದು ಮಾತು ಹೇಳಿದಳು.

"ನಮ್ ಅಳೀಮಯ್ಯಂಗೆ ಗೌರ್ಮೆಂಟ್ ಕೆಲ್ಸ ಐತೆ. ನಮ್ ಮನೆ ಹೊಸ್ಲು ತುಳ್ದು ಮೂರು ವರ್ಸ ಆಯ್ತು."

ಎರಡು ವರ್ಷ ಒಬ್ಬಳು ಸುಳ್ಳು ಹೇಳಿದಳು, ಇನ್ನೊಬ್ಬಳು ಗೊತ್ತಿದ್ದೂ ತಲೆಯಾಡಿಸಿದಳು. ನೆರೆಹೊರೆ ಎಂದರೆ ಇಷ್ಟೇ ಇರಬೇಕು. ಕಾನ್‌ಸ್ಟೇಬಲ್ ಕಾಫಿ ಕುಡಿದು, ಫೈಲು ಕಟ್ಟಿಕೊಂಡು ಹೊರಟರು. ಕುಡಿದಿಟ್ಟ ಲೋಟಗಳನ್ನು ಮಾರೇಗೌಡ ಎತ್ತಿಕೊಂಡು ಒಳಗೆ ಹೋದ. ಎಲ್ಲರೂ ನೋಡಿದರು. ಅಕ್ಕ ಈ ಸಲ ಬಾಗಿಲು ಎಳೆಯಲಿಲ್ಲ.

ರಿಪೋರ್ಟು ಸರಿಯಾಗಿ ಹೋಗಿದೆ. ಇನ್ನೇನು ಕಾರ್ಡು ಬರುತ್ತದೆ ಎಂದು ಮೊನ್ನೆ ರಶ್ಮಿ ಫೋನಿನಲ್ಲಿ ಹೇಳಿದಳು. ಬಂದ ಕೂಡಲೇ ಬೆಂಗಳೂರಿನ ಲಿಫ್ಟ್ ಕಂಪನಿಯೊಂದಕ್ಕೆ ಸೇರುತ್ತಾನಂತೆ. ಬೆಳಗ್ಗೆ ಆರರ ಬಸ್ಸಿಗೆ ಹೋದರೆ ಮನೆ ಮುಟ್ಟುವುದು ರಾತ್ರಿ. ಅಳಿಯನಿಗೆ ಕಡೆಗೂ ಒಂದು ನಿಜವಾದ ಕೆಲಸ. ಅಕ್ಕನಿಗೆ ಅಭಿನಂದನೆ ಹೇಳೋಣ ಎಂದು ಇವತ್ತು ಬೆಳಗ್ಗೆ ನಾನೇ ಫೋನ್ ಮಾಡಿದೆ. ಅವಳು ಪಿಸುಮಾತಿನಲ್ಲಿ ಕೇಳಿದಳು:

"ಪೇಪರ್ನೋರ್ಗೆ ಎಲ್ಲಾ ಕಡೆ ಜನ ಗೊತ್ತಿರ್ತಾರಲ್ಲ, ಆ ಕಾರ್ಡು ಒಸಿ ನಿಧಾನ್ಕೆ ಬರೋ ಹಂಗೆ ಯಾರ್ಗಾರ ಹೇಳಕಾಯ್ತದೇನ್ಲಾ?"