ಕೊನೆಯ ಆರು ಗೆರೆಗಳು

ನನ್ನ ಮಾವನವರು ಎಂಟು ವರ್ಷ ನನ್ನೊಂದಿಗೆ ಮಾತಾಡಲಿಲ್ಲ. ಜಗಳವೇನೂ ಇರಲಿಲ್ಲ, ಮನೆಯ ಪದ್ಧತಿ ಅದು. ಮಾವ ಸೊಸೆಯೊಂದಿಗೆ ನೇರ ಮಾತಾಡಬಾರದು, ಸೊಸೆ ಮಾವನ ಎದುರು ನಿಂತು ಬಾಯಿ ತೆರೆಯಬಾರದು. ಏನಿದ್ದರೂ ನಡುವೆ ಅತ್ತೆಯವರು ಇರಬೇಕು. ಸಾರಿಗೆ ಉಪ್ಪು ಕಡಿಮೆಯಾಗಿದೆ ಎಂದು ಹೇಳಲು ಈ ಪದ್ಧತಿ ಸಾಕು. ಕುಸುರಿ ಕೆಲಸ ಕಲಿಸಲು ಸಾಲುವುದಿಲ್ಲ.

ನಾನು ಕಲ್ಮಲದಿಂದ ರಾಯಚೂರಿಗೆ ಸೊಸೆಯಾಗಿ ಬಂದದ್ದು ಎಪ್ಪತ್ತರ ದಶಕದ ಮೊದಲಲ್ಲಿ. ಕೋಟೆಯ ಹಿಂದಿನ ಓಣಿಯಲ್ಲಿ ಅಕ್ಕಸಾಲಿಗರ ಮನೆ, ಪಡಸಾಲೆಯೇ ಅಂಗಡಿ. ಮಾವನವರು ಒಡವೆಗಿಂತ ಗಡಿಯಾರದ ಡಯಲಿಗೆ ಹೆಸರಾದವರು. ನಿಜಾಮರ ಕಾಲದಲ್ಲಿ ಹೈದರಾಬಾದಿನಿಂದ ಕೊಂಡು ತಂದ ಬಂಗಾರದ ಜೇಬುಗಡಿಯಾರಗಳು ದೇವದುರ್ಗ, ಮಾನ್ವಿ ಕಡೆಯ ಜಮೀನ್ದಾರರ ವಾಡೆಗಳಲ್ಲಿ ಆಗಲೂ ಇದ್ದವು. ಒಳಗಿನ ಯಂತ್ರ ಗಟ್ಟಿ. ಮುಖ ಮಾತ್ರ ಬೆವರು ಹೀರಿ ಕಪ್ಪಾಗಿ ಸುಲಿದಿರುತ್ತಿತ್ತು. ಬಜಾರದಲ್ಲಿ ಗಡಿಯಾರ ರಿಪೇರಿ ಮಾಡುವ ಸಾಹೇಬರು ಅಂಥ ಡಯಲನ್ನು ಬಿಚ್ಚಿ ನಮ್ಮಲ್ಲಿಗೆ ಕಳಿಸುತ್ತಿದ್ದರು. ಮಾವನವರು ಬೆಳ್ಳಿಯ ತೆಳು ತಗಡಿನಲ್ಲಿ ಹೊಸ ಡಯಲು ಕತ್ತರಿಸಿ, ನಡುವಿನಿಂದ ಅಂಚಿನವರೆಗೆ ಅರವತ್ತು ಕಿರಣದ ಗೆರೆ ಕೊರೆದು, ಅಂಕಿಗಳಿಗೆ ಬಂಗಾರದ ನೀರು ಕೊಡುತ್ತಿದ್ದರು.

ನನ್ನ ಗಂಡನಿಗೆ ಇದಾವುದೂ ಬೇಕಿರಲಿಲ್ಲ, ಹತ್ತಿ ಗಿರಣಿಯಲ್ಲಿ ಗುಮಾಸ್ತರಾಗಿದ್ದರು. ಮಾವನವರ ಕಣ್ಣು ಅರ್ಧ ಗಂಟೆಗೇ ನೀರು ಸುರಿಸತೊಡಗಿದಾಗ ಬೇರೆ ಕೈ ಬೇಕಾಯಿತು. ನಾನು ಬಾಗಿಲಲ್ಲಿ ರಂಗೋಲಿ ಎಳೆಯುವುದನ್ನು ಅವರು ನೋಡಿದ್ದರಂತೆ. ಅತ್ತೆಯವರ ಕಡೆ ತಿರುಗಿ, ಆಕೆಯ ಕೈ ನಡುಗುವುದಿಲ್ಲ, ಕೆಲಸಕ್ಕೆ ಕೂಡಲು ಹೇಳು ಎಂದರು. ಎರಡು ವರ್ಷ ತಾಮ್ರದ ಚೂರುಗಳ ಮೇಲೆ ಕೊರೆದೆ. ಆಮೇಲೆ ಬೆಳ್ಳಿ ಕೈಗೆ ಬಂತು.

ಕಲಿಕೆ ಹೇಗಿತ್ತೆಂದರೆ, ಮಾವನವರು ಪಡಸಾಲೆಯಲ್ಲಿ ಐದು ನಿಮಿಷ ವಿವರಿಸುವರು, ಅತ್ತೆಯವರು ಹುಣಸೆಹಣ್ಣು ಬಿಡಿಸುತ್ತ ಕೇಳಿ, ಒಳಕೋಣೆಯಲ್ಲಿ ಕೂತ ನನ್ನ ಬಳಿ ಬಂದು ಎರಡೇ ಮಾತು ಹೇಳುವರು: "ಹುಷಾರಿ ಮಾಡಬೇಕಂತ." ಇಷ್ಟೇ. ಉಳಿಯನ್ನು ಎಷ್ಟು ಬಾಗಿಸಬೇಕು, ಅರಗಿನ ಮೇಲೆ ಕೂರಿಸಿದ ತಗಡನ್ನು ಯಾವ ಕಡೆಗೆ ತಿರುಗಿಸಬೇಕು, ಯಾವುದೂ ಇಲ್ಲ. ಇನ್ನೇನಾದರೂ ಹೇಳಿದರೇ ಎಂದು ಕೇಳಿದರೆ, "ಹೇಳ್ತಾರ, ಅವರಿಗೇನು ಬ್ಯಾರೆ ಕೆಲಸ" ಎಂದು ಒಲೆಯ ಕಡೆ ಹೋಗುವರು. ನನಗೆ ಅಳುವಷ್ಟು ಸಿಟ್ಟು ಬರುತ್ತಿತ್ತು. ಕೆಡಿಸಿ ಕೆಡಿಸಿ ನಾನೇ ಕಲಿತೆ.

ಇನ್ನೊಂದು ಸಿಟ್ಟು ಇದಕ್ಕಿಂತ ದೊಡ್ಡದು. ಹನ್ನೆರಡರಿಂದ ಶುರು ಮಾಡಿ ಒಂದರ ಪಕ್ಕ ಒಂದು ಗೆರೆ ಕೊರೆಯುತ್ತ ಹೋಗಿ ಐವತ್ತನಾಲ್ಕು ಮುಗಿಯುತ್ತಿದ್ದಂತೆ ಮಾವನವರು ಅತ್ತೆಯವರ ಕೈಯಲ್ಲಿ ತಗಡು ತರಿಸಿಕೊಂಡುಬಿಡುತ್ತಿದ್ದರು. ಕೊನೆಯ ಆರು ಗೆರೆ ಅವರವು, ಪ್ರತಿ ಡಯಲಿನಲ್ಲೂ. ನನ್ನ ಬೆನ್ನು ನಾಲ್ಕು ದಿನ ಸೆಟೆದಿರುತ್ತಿತ್ತು, ಅವರು ಅರ್ಧ ಗಂಟೆಯಲ್ಲಿ ಮುಗಿಸಿ ಗಿರಾಕಿಗೆ ಕೊಡುವರು. ಹುಣಸೆಮರಕ್ಕೆ ಮುಪ್ಪಾದರೆ ಹುಳಿಗೆ ಮುಪ್ಪೇ ಎಂದು ಊರವರು ಅವರ ಕೈಯನ್ನು ಹೊಗಳುವರು. ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುವ ನನಗೆ ಕೈಗೆ ಬಂದ ತುತ್ತು ಬಾಯಿಗೆ ಬಾರದ ಸಂಕಟ. ಒಂದೇ ಒಂದು ಡಯಲನ್ನು ಮೊದಲಿನಿಂದ ಕೊನೆಯವರೆಗೆ ನಾನೇ ಮುಗಿಸಬೇಕು, ಇಷ್ಟೇ ನನ್ನ ಆಸೆಯಾಗಿತ್ತು.

ಆ ಅವಕಾಶ ಎಂಬತ್ತರ ಸುಮಾರಿಗೆ ಬಂತು. ಅತ್ತೆಯವರು ಮಗಳ ಬಾಣಂತನಕ್ಕೆಂದು ಮಾನ್ವಿಗೆ ಹೋಗಿದ್ದರು. ದೇವದುರ್ಗದ ಒಬ್ಬ ವಾಡೆಯ ಯಜಮಾನರ ಡಯಲು ಅರಗಿನ ಮೇಲಿತ್ತು. ನಾನು ಐವತ್ತು ಗೆರೆ ದಾಟುವ ಹೊತ್ತಿಗೆ ಮಸರಕಲ್ಲಿನಿಂದ ಸಾವಿನ ಸುದ್ದಿ ಬಂದು ಮಾವನವರು ಎದ್ದು ಬಸ್ಸಿಗೆ ಹೊರಟರು. ತಗಡು ಮುಟ್ಟಬೇಡ ಎಂದು ಹೇಳೋಣವೆಂದರೆ ನಡುವೆ ಅತ್ತೆಯವರಿಲ್ಲ, ಗಂಡ ಗಿರಣಿಯಲ್ಲಿ. ಬಾಗಿಲಲ್ಲಿ ಒಂದು ಗಳಿಗೆ ನಿಂತರು, ಕೆಮ್ಮಿದರು, ಹೋದರು.

ಮರುದಿನ ಬೆಳಿಗ್ಗೆಯೇ ಕೂತೆ. ಐವತ್ತೈದು, ಐವತ್ತಾರು. ಹಟ ಹತ್ತಿತ್ತು, ಖುಷಿಯೂ ಇತ್ತು. ಅರವತ್ತನೆಯ ಗೆರೆ ಎಳೆದು ಕಣ್ಣಿನ ಮಸೂರ ತೆಗೆದು ಡಯಲನ್ನು ಬೆಳಕಿಗೆ ಹಿಡಿದೆ. ಹನ್ನೊಂದು ಹನ್ನೆರಡರ ನಡುವೆ, ಎಲ್ಲ ಗೆರೆ ಮುಗಿದ ಮೇಲೂ ಒಂದೂವರೆ ಗೆರೆಯಷ್ಟು ಜಾಗ ಖಾಲಿ ಉಳಿದಿತ್ತು, ಹಲ್ಲು ಬಿದ್ದ ಬಾಯಿಯ ಹಾಗೆ. ಮತ್ತೆ ಎಣಿಸಿದೆ. ಅರವತ್ತೇ ಇದ್ದವು. ಎಲ್ಲಿ ತಪ್ಪಿದೆ ಎಂದು ಮಧ್ಯಾಹ್ನದವರೆಗೆ ಹುಡುಕಿದರೂ ತಿಳಿಯಲಿಲ್ಲ.

ಸಂಜೆ ಮಾವನವರು ಬಂದು, ಸ್ನಾನ ಮಾಡಿ, ತಗಡನ್ನು ಕೈಗೆತ್ತಿಕೊಂಡರು. ಕಣ್ಣಿನಿಂದ ನೋಡಲಿಲ್ಲ, ಹೆಬ್ಬೆರಳ ಉಗುರನ್ನು ಸುತ್ತ ಆಡಿಸಿದರು. ಹನ್ನೊಂದು ದಾಟಿದ ಮೇಲೆ ಉಗುರು ನಿಂತಿತು. ಆಗ ಅವರು ನನ್ನ ಕಡೆ ತಿರುಗಿ ಮಾತಾಡಿದರು.

"ಎದುರುಬದುರು ಹಾಕಬೇಕವ್ವಾ. ಹನ್ನೆರಡಕ್ಕೊಂದು, ಆರಕ್ಕೊಂದು. ಮೂರಕ್ಕೊಂದು, ಒಂಬತ್ತಕ್ಕೊಂದು. ಸಾಲಾಗಿ ಹೋದ್ರ ಉಳಿ ಒಂದ ಕಡಿಗೆ ಜರಗತದ, ಕೊನಿಗೆ ಜಾಗ ಕೂಡೂದಿಲ್ಲ. ಮೊದಲನೇ ವರ್ಷನ ಹೇಳಿ ಕಳಿಸಿದ್ದೆ. ನೀ ಕೇಳಲಿಲ್ಲ, ಹಟಮಾರಿ ಅಂದಕೊಂಡೆ."

ಬೆಳ್ಳಿ ಕೈಗೆ ಬಂದಾಗಿನಿಂದ ನಾನು ಕೊರೆದ ಒಂದೊಂದು ಡಯಲಿನಲ್ಲೂ ಈ ತಪ್ಪು ಇತ್ತು. ಅವರು ಆರು ಗೆರೆಗಳನ್ನು ಕೂದಲೆಳೆಯಷ್ಟು ಅಗಲಿಸಿ ಹಂಚಿ, ಯಾರ ಕಣ್ಣಿಗೂ ಬೀಳದಂತೆ ಮುಚ್ಚುತ್ತಿದ್ದರು. ಒಂದು ಮಾತು. ತಲೆ ತಿರುಗಿಸಿ ಒಂದೇ ಒಂದು ಮಾತು ನನಗೇ ಹೇಳಿದ್ದರೆ ಮುಗಿಯುತ್ತಿತ್ತು. ಅದು ನಮ್ಮ ಮನೆಯಲ್ಲಿ "ಹುಷಾರಿ ಮಾಡಬೇಕಂತ" ಆಗಿ ಹುಣಸೆಹಣ್ಣಿನ ಬುಟ್ಟಿ ದಾಟಿ ಬಂದಿತ್ತು. ಅತ್ತೆಯವರ ಮೇಲೆ, ಪದ್ಧತಿಯ ಮೇಲೆ, ಎಂಟು ವರ್ಷ ಬಾಯಿ ಮುಚ್ಚಿ ಕೂತ ನನ್ನ ಮೇಲೆ ಒಟ್ಟಿಗೇ ಸಿಟ್ಟು ಬಂತು. ಹೊಸ ತಗಡಿನಲ್ಲಿ ಮತ್ತೆ ಮಾಡುತ್ತೇನೆ ಎನ್ನಲು ಬಾಯಿಗೆ ಬಂದಿತ್ತು. ಆದರೆ ದೇವದುರ್ಗದ ಯಜಮಾನರು ಮರುದಿನವೇ ಬರುವವರಿದ್ದರು.

ಅವರು ಬಂದರು. ಅಂಕಿಗೆ ಬಂಗಾರದ ನೀರು ಕುಡಿಸಿದ ಡಯಲನ್ನು ಮಾವನವರು ಮುಂದಿಟ್ಟರು. ಆಮೇಲೆ, ಯಾರೂ ಕೇಳದಿದ್ದರೂ, ಇದು ನಮ್ಮ ಸೊಸೆ ಕೊರೆದದ್ದು, ಪೂರಾ ಆಕೆಯದೇ ಎಂದರು. ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ. ಯಜಮಾನರು ಡಯಲನ್ನು ಬೆಳಕಿಗೆ ತಿರುಗಿಸಿದರು, ಹನ್ನೊಂದು ಹನ್ನೆರಡರ ನಡುವಿನ ಖಾಲಿ ಜಾಗವನ್ನು ತುಸು ಹೊತ್ತು ನೋಡಿದರು.

"ಹೆಣ್ಮಕ್ಕಳ ಕೈಗೆ ಇಷ್ಟಾದ್ರ ಭಾಳ ಆತು ಬಿಡ್ರಿ" ಎಂದು ನಕ್ಕು, ಡಯಲನ್ನು ಕಾಗದದಲ್ಲಿ ಕಟ್ಟಿಸಿಕೊಂಡು ಹೋದರು.

ನಾನು ಹೊರಗೆ ಬಂದೆ. ಸೆರಗು ಸರಿ ಮಾಡಿಕೊಳ್ಳಲೂ ಇಲ್ಲ. ಮಾವನವರ ಎದುರು ನಿಂತು ಮೊದಲ ಸಲ ಬಾಯಿ ತೆರೆದೆ.

"ಚಲೋ ಆದವೆಲ್ಲ ನಿಮ್ಮ ಹೆಸರಿಗೆ ಹೋದುವು. ಕೆಟ್ಟದ್ದೊಂದು ನನ್ನ ಹೆಸರಿಗೆ ಹಚ್ಚಿದ್ರಿ."

ಅವರು ಉಳಿಯ ತುದಿಯನ್ನು ಸಾಣೆಕಲ್ಲಿಗೆ ಉಜ್ಜುತ್ತಿದ್ದರು. ಕೈ ನಿಲ್ಲಿಸಲಿಲ್ಲ.

"ಚಲೋ ಆದುವು ಪೂರಾ ನಿನ್ನವಲ್ಲಲ್ಲ, ಯವ್ವಾ" ಎಂದರು. "ಇದೊಂದು ನಿಂದು."

ಅವರು ಹೇಳಿದ್ದು ನಿಜ. ಆಮೇಲೆ ಎದುರುಬದುರು ಹಾಕಿ ಎಷ್ಟೋ ಡಯಲುಗಳನ್ನು ನಾನೊಬ್ಬಳೇ ಮುಗಿಸಿದೆ, ಒಂದರಲ್ಲೂ ಜಾಗ ಖಾಲಿ ಉಳಿಯಲಿಲ್ಲ. ಆದರೂ ಆ ದಿನದ ಸಿಟ್ಟು ನನಗೆ ಇವತ್ತಿಗೂ ಹೋಗಿಲ್ಲ.