ಮೂರು ಉತ್ತರದ ಚೆಂಡು

ನಮ್ಮ ಶಾಲೆಯ ಬೀರುವಿನ ಕೆಳಗಿನ ಖಾನೆಯಲ್ಲಿ ಒಂದು ಹಳೆಯ ಫುಟ್‌ಬಾಲ್ ಇದೆ. ಅದನ್ನು ಎಸೆಯಲು ನನಗೆ ಮನಸ್ಸಿಲ್ಲ, ಹೊರಗೆ ತೆಗೆಯಲು ಮುಖವಿಲ್ಲ. ಬೀರು ಸ್ವಚ್ಛ ಮಾಡಿಸುವಾಗಲೆಲ್ಲ ಹೆಡ್‌ಮಾಸ್ಟರು, "ಇದನ್ಯಾಕೆ ಇಟ್ಕಂಡೀರಿ ಇನ್ನೂ?" ಎಂದು ಕೇಳುತ್ತಾರೆ. "ಇರ್ಲಿ ಬಿಡ್ರಿ ಸಾರ್, ಬೇಕಾಗ್ತೈತೆ," ಎನ್ನುತ್ತೇನೆ. ಅವರು ತಲೆಯಾಡಿಸಿ ಮುಂದಿನ ಖಾನೆಗೆ ಹೋಗುತ್ತಾರೆ.

ನಾನು ಜಗಳೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿ ಗಣಿತ, ವಿಜ್ಞಾನದ ಮೇಷ್ಟ್ರು. ಎರಡು ವರ್ಷದ ಹಿಂದೆ ಹೊನ್ನಾಳಿಯಲ್ಲಿ ಮೂರು ದಿನದ ತರಬೇತಿ ಎಂದು ನಮ್ಮನ್ನೆಲ್ಲ ಕರೆದಿದ್ದರು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ನಾಲ್ಕೂ ಕಡೆಯ ಮೇಷ್ಟ್ರುಗಳು ಸೇರಿದ್ದೆವು. ಫುಟ್‌ಬಾಲ್ ಆಡಿಸುತ್ತಾ ಗಣಿತ, ವಿಜ್ಞಾನ ಕಲಿಸುವುದು ಹೇಗೆ ಎಂಬುದು ವಿಷಯ. ಚೆಂಡು ದಾಟಿಸುವಾಗ ಕೋನ, ಓಡುವಾಗ ವೇಗ, ಮರಳಿನಲ್ಲಿ ಬಿದ್ದ ಚೆಂಡು ಯಾಕೆ ಪುಟಿಯುವುದಿಲ್ಲ ಎನ್ನುವುದು, ಇಂಥವೆಲ್ಲ. ಹುಟ್ಟಿದಾಗಿನಿಂದ ನಾನು ಚೆಂಡು ಒದ್ದವನಲ್ಲ. ಮೊದಲ ದಿನ ಒದ್ದಾಗ ಚೆಂಡಿಗಿಂತ ನನ್ನ ಚಪ್ಪಲಿಯೇ ದೂರ ಹೋಯಿತು. ಬಸವಾಪಟ್ಟಣದ ಕಡೆಯ ಮೇಷ್ಟ್ರೊಬ್ಬರು ಅದನ್ನು ಎತ್ತಿಕೊಂಡು ಬಂದು, "ಇದರ ವೇಗ ಎಷ್ಟು ಲೆಕ್ಕ ಹಾಕ್ರಿ ಸಾರ್," ಎಂದರು. ಎಲ್ಲರ ಜೊತೆ ನಾನೂ ನಕ್ಕೆ. ಕೊನೆಯ ದಿನ ಶಾಲೆಗೊಂದು ಚೆಂಡು ಕೊಟ್ಟು, ಎರಡು ತಿಂಗಳು ಬಿಟ್ಟು ಐದೈದು ಮಕ್ಕಳನ್ನು ಕರೆತಂದು ಒಂದೊಂದು ಚಟುವಟಿಕೆ ಮಾಡಿ ತೋರಿಸಬೇಕು ಎಂದರು.

ನನಗೆ ಬಂದದ್ದು ಪೈ ಬೆಲೆ ಕಂಡುಹಿಡಿಯುವ ಚಟುವಟಿಕೆ. ಬಹಳ ಸುಲಭದ್ದು. ಚೆಂಡಿನ ಸುತ್ತ ದಾರ ಸುತ್ತಿ ಪರಿಧಿ ಅಳೆಯಬೇಕು. ಎರಡು ಇಟ್ಟಿಗೆಗಳ ನಡುವೆ ಚೆಂಡನ್ನಿಟ್ಟು, ಇಟ್ಟಿಗೆಗಳ ಅಂತರ ನೋಡಿ ವ್ಯಾಸ ಅಳೆಯಬೇಕು. ಮೊದಲಿನದನ್ನು ಎರಡನೆಯದರಿಂದ ಭಾಗಿಸಿದರೆ 3.14 ಬರಬೇಕು. ಬಂದರೆ ಚಪ್ಪಾಳೆ.

ಆದರೆ ನಮ್ಮ ಊರಿನ ಮೈದಾನದ ಅಂಚಿಗೆಲ್ಲ ಜಾಲಿ. ಮೊದಲ ವಾರದಲ್ಲೇ ಚೆಂಡಿಗೆ ಮುಳ್ಳು ಚುಚ್ಚಿತು. ಬಸ್‌ಸ್ಟ್ಯಾಂಡಿನ ಪಂಚರ್ ಅಂಗಡಿಯವನ ಹತ್ತಿರ ಒಯ್ದೆ. ಅವನು ಹೊಲಿಗೆ ಬಿಚ್ಚಿ, ಒಳಗಿನ ಬ್ಲಾಡರ್‌ಗೆ ಪ್ಯಾಚ್ ಹಾಕಿ, ಗೋಣಿಚೀಲ ಹೊಲಿಯುವ ದಬ್ಬಣದಲ್ಲಿ ಹುರಿ ಪೋಣಿಸಿ ಮತ್ತೆ ಹೊಲಿದು ಕೊಟ್ಟ. ಗಾಳಿ ತುಂಬಿದಾಗ ಹೊಲಿಗೆಯ ಕಡೆ ಒಂದಿಷ್ಟು ಉಬ್ಬಿಕೊಂಡಿತ್ತು. ನಾನು ಅದನ್ನು ಗಮನಿಸಲೂ ಇಲ್ಲ.

ಗಮನಿಸಿದವಳು ಏಳನೇ ತರಗತಿಯ ಒಬ್ಬ ಹುಡುಗಿ. ಆಟದಲ್ಲಿ ಗೋಲು ಕಾಯುತ್ತಿದ್ದವಳು. ತೆಳ್ಳಗೆ, ಎತ್ತರಕ್ಕಿದ್ದಳು. ತರಗತಿಯಲ್ಲಿ ಅವಳ ಪ್ರಶ್ನೆಗಳಿಗೆ ಕೊನೆಯೇ ಇರಲಿಲ್ಲ. ನಿಜ ಹೇಳಬೇಕೆಂದರೆ ಅವಳು ಕೈ ಎತ್ತಿದರೆ ನನಗೆ ಕಿರಿಕಿರಿಯಾಗುತ್ತಿತ್ತು. ಪಾಠ ಮುಗಿಸುವ ಆತುರದಲ್ಲಿರುವ ಮೇಷ್ಟ್ರಿಗೆ ಇಂಥ ಮಕ್ಕಳು ಒಳ್ಳೆಯವರಾಗಿ ಕಾಣುವುದಿಲ್ಲ. ಆದರೂ ಹೊನ್ನಾಳಿಗೆ ಹೋಗುವ ಐವರಲ್ಲಿ ಅವಳನ್ನು ಸೇರಿಸಿದೆ. ಭಾಗಾಕಾರದಲ್ಲಿ ಅವಳು ತಪ್ಪುತ್ತಿರಲಿಲ್ಲ.

ಹೋಗುವ ಹಿಂದಿನ ದಿನ ಮಧ್ಯಾಹ್ನ ಐವರೂ ಜಗುಲಿಯ ಮೇಲೆ ಕೂತು ಚಾರ್ಟ್ ತಯಾರಿಸುತ್ತಿದ್ದರು. ಅವಳು ಚಾರ್ಟ್ ಎತ್ತಿಕೊಂಡು ನನ್ನ ಮೇಜಿನ ಹತ್ತಿರ ಬಂದಳು. ಒಂದು ಸಾಲು ಇರಬೇಕಾದಲ್ಲಿ ಮೂರು ಸಾಲು ಬರೆದಿದ್ದಳು. ಪರಿಧಿ 71, ವ್ಯಾಸ 21, ಉತ್ತರ 3.38. ಪರಿಧಿ 71, ವ್ಯಾಸ 24, ಉತ್ತರ 2.96. ಪರಿಧಿ 66, ವ್ಯಾಸ 21, ಉತ್ತರ 3.14.

"ಇದೇನವ್ವ ಇದು, ಮೂರು ಉತ್ತರ?"

"ಮೂರು ಕಡಿಂದ ಅಳದ್ವಿ ಸಾರ್. ಚೆಂಡು ದುಂಡಗಿಲ್ಲ. ಹೊಲಿಗೆ ಕಡೆ ಉದ್ದ ಐತೆ. ಅದಕ್ಕೇ ಸಾರ್ ಒದ್ರೆ ನೇರ ಬರಂಗಿಲ್ಲ. ಬರ್ತಾ ಬರ್ತಾ ವಾಲತೈತೆ. ನಾನು ದಿನಾ ನೋಡ್ತೀನಲ್ಲ."

ಈಗ ಈ ಮಾತನ್ನು ಬರೆಯುವಾಗ ನನ್ನ ಕಿವಿ ಬಿಸಿಯಾಗುತ್ತದೆ. ಆಟದಲ್ಲಿ ಕಂಡದ್ದನ್ನು ಅಳತೆಯಿಂದ ಪರೀಕ್ಷಿಸಿ, ಅಳತೆಯಲ್ಲಿ ಸಿಕ್ಕಿದ್ದನ್ನು ಆಟಕ್ಕೆ ಹೊಂದಿಸಿ ಹನ್ನೆರಡು ವರ್ಷದ ಹುಡುಗಿಯೊಬ್ಬಳು ನನ್ನ ಮುಂದೆ ನಿಂತಿದ್ದಳು. ಆ ಮೂರು ದಿನದ ತರಬೇತಿ ಇದ್ದದ್ದೇ ಇದಕ್ಕಾಗಿ. ನನ್ನ ಇಪ್ಪತ್ತು ವರ್ಷದ ನೌಕರಿ ಇದ್ದದ್ದೂ ಇದಕ್ಕಾಗಿಯೇ ಇರಬೇಕಿತ್ತು. ನಾನು ಹೇಳಿದ್ದೇನೆಂದರೆ, "ತಲೆಹರಟೆ ಮಾಡಬ್ಯಾಡ. ಕೊನೇದು ಸರಿ ಐತೆ, ಅದನ್ನ ಇಟ್ಕ. ಮೇಲಿನವೆರಡು ಅಳಿಸು."

"ಅವೂ ಬಂದಾವಲ್ಲ ಸಾರ್?"

"ಪುಸ್ತಕದಾಗೆ ಎಷ್ಟೈತೆ?"

"ಮೂರು ಪಾಯಿಂಟ್ ಒಂದು ನಾಲ್ಕು."

"ಮತ್ತೆ? ಪುಸ್ತಕ ಬರೆದೋರಿಗಿಂತ ನೀನು ದೊಡ್ಡೋಳೇನು?"

ಉಳಿದ ನಾಲ್ವರು ಕಿಸಕ್ಕೆಂದು ನಕ್ಕರು. ಸ್ಕೆಚ್ ಪೆನ್ನಿನಲ್ಲಿ ಬರೆದದ್ದು ಅಳಿಸಿ ಹೋಗುವಂಥದ್ದಲ್ಲ. ನಾನೇ ಆಫೀಸಿನಿಂದ ವೈಟ್ನರ್ ತಂದು ಎರಡು ಸಾಲಿಗೂ ಬಳಿದೆ. ಒಣಗಿದ ಮೇಲೆ ಬಿಳಿ ತೇಪೆ ಎದ್ದು ಕಾಣುತ್ತಿತ್ತು. "ಇದರ ಮೇಲೆ ಎರಡು ಫುಟ್‌ಬಾಲ್ ಬರಿ, ಚಂದಗೆ, ದುಂಡಗೆ," ಎಂದೆ. ಅವಳು ಬಳೆ ಇಟ್ಟು ಸುತ್ತ ಗೆರೆ ಎಳೆದು ಎರಡು ಚೆಂಡು ಬರೆದಳು.

ಮರುದಿನ ಬೆಳಿಗ್ಗೆ ಕ್ರೂಸರ್‌ನಲ್ಲಿ ಹೊನ್ನಾಳಿಗೆ ಹೋದೆವು. ಶಾಲೆಯ ಮೈದಾನದ ಗೋಡೆಗೆ ನಾಲ್ಕು ತಾಲ್ಲೂಕಿನ ಚಾರ್ಟ್‌ಗಳನ್ನೂ ಅಂಟಿಸಿದ್ದರು. ಪೈ ಮಾಡಿದ ಶಾಲೆಗಳು ಏಳೆಂಟು ಇದ್ದವು. ಎಲ್ಲ ಚಾರ್ಟ್‌ನಲ್ಲೂ 3.14. ತರಬೇತಿ ಕೊಟ್ಟಿದ್ದ ಮೇಡಂ ಒಂದೊಂದನ್ನೇ ನೋಡುತ್ತಾ ಬಂದು ನಮ್ಮದರ ಮುಂದೆ ನಿಂತರು.

"ಚಿತ್ರ ತುಂಬಾ ಚೆನ್ನಾಗಿದೆ, ಯಾರು ಬರೆದದ್ದು?" ಎಂದು ಕೇಳಿದರು.

ನಾನು ಹುಡುಗಿಯ ಕಡೆ ಕೈ ತೋರಿಸಿದೆ.

ಮೇಡಂ ಆಮೇಲೆ ಮಕ್ಕಳನ್ನೆಲ್ಲ ಸುತ್ತ ಕೂರಿಸಿಕೊಂಡು, "ಎಲ್ಲರಿಗೂ ಒಂದೇ ಉತ್ತರ ಬಂದಿದೆಯಲ್ಲ. ಯಾರಿಗಾದರೂ ಬೇರೆ ಬಂದಿತ್ತಾ? ಬಂದಿದ್ದರೆ ಹೇಳಿ. ಅದೇ ನನಗೆ ಬೇಕಾಗಿರೋದು," ಎಂದರು.

ನಮ್ಮ ಸಾಲಿನಲ್ಲಿ ಒಂದು ಕೈ ಮೇಲೇಳತೊಡಗಿತು. ಮೊಣಕೈವರೆಗೆ ಎದ್ದಿತ್ತು. ನಾನು ಎದುರಿಗೇ ನಿಂತಿದ್ದೆ. ಇಪ್ಪತ್ತು ವರ್ಷ ತರಗತಿಗಳ ಬಾಯಿ ಮುಚ್ಚಿಸಿದ ನೋಟವೊಂದು ನನ್ನ ಹತ್ತಿರ ಇದೆ. ಅದನ್ನು ಅವಳ ಮೇಲೆ ಬಿಟ್ಟೆ. ಆ ಕೈ ಹಾಗೇ ತಲೆಯ ಕಡೆ ಹೋಗಿ ರಿಬ್ಬನ್ ಸರಿಮಾಡಿಕೊಂಡು ಕೆಳಗಿಳಿಯಿತು. ಮೇಡಂ ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿ, "ಸರಿ," ಎಂದು ಮುಂದಿನ ಚಟುವಟಿಕೆಗೆ ಹೋದರು.

ವಾಪಸ್ ಬರುವಾಗ ದಾವಣಗೆರೆಯಲ್ಲಿ ಕ್ರೂಸರ್ ನಿಲ್ಲಿಸಿ ಮಕ್ಕಳಿಗೆಲ್ಲ ಮಂಡಕ್ಕಿ ಮೆಣಸಿನಕಾಯಿ ಕೊಡಿಸಿದೆ. ಅವಳಿಗೆ ಒಂದು ಮೆಣಸಿನಕಾಯಿ ಜಾಸ್ತಿಯೇ ಹಾಕಿಸಿದೆ. ತಿಂದಳು. ಎಲ್ಲ ಸರಿಹೋಯಿತು ಎಂದುಕೊಂಡು ನಾನು ಸೀಟಿಗೊರಗಿ ನಿದ್ದೆ ಮಾಡಿದೆ.

ಆಮೇಲೆ ಅವಳ ಪ್ರಶ್ನೆಗಳು ನಿಂತವು. ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದಳು, ಬರೆದದ್ದನ್ನು ಒಪ್ಪಿಸುತ್ತಿದ್ದಳು. ಅಂಕಗಳೂ ಹೆಚ್ಚಾದವು. ಅವಳ ತಾಯಿ ಈರುಳ್ಳಿ ಕೀಳುವ ಕೆಲಸಕ್ಕೆ ಹೋಗುತ್ತಾ ಒಂದು ದಿನ ಶಾಲೆಯ ಗೇಟಿನ ಹತ್ತಿರ ನಿಂತು, "ಹೆಂಗೆ ಓದ್ತಾಳ್ರಿ ಸಾರ್ ನಮ್ ಹುಡ್ಗಿ?" ಎಂದು ಕೇಳಿದರು. "ಈಗ ಬುದ್ಧಿ ಬಂದೈತೆ ಕಣ್ರಮ್ಮ, ಮೊದಲಿನಂಗೆ ತಲೆ ತಿನ್ನಂಗಿಲ್ಲ," ಎಂದೆ. ಆ ತಾಯಿ ಎಷ್ಟು ಸಂತೋಷಪಟ್ಟರೆಂದರೆ, ಎರಡೂ ಕೈ ಎತ್ತಿ ನನಗೆ ನಮಸ್ಕಾರ ಮಾಡಿದರು. ಆ ನಮಸ್ಕಾರ ನೆನಪಾದಾಗಲೆಲ್ಲ ಎಲ್ಲಾದರೂ ಮುಖ ಮುಚ್ಚಿಕೊಳ್ಳೋಣ ಅನ್ನಿಸುತ್ತದೆ.

ಮುಂದಿನ ವರ್ಷ ಚನ್ನಗಿರಿಯಲ್ಲಿ ಮತ್ತೊಂದು ತರಬೇತಿ. ಚಹಾದ ಹೊತ್ತಿಗೆ ನನ್ನ ಚಪ್ಪಲಿ ತಂದುಕೊಟ್ಟಿದ್ದ ಬಸವಾಪಟ್ಟಣದ ಮೇಷ್ಟ್ರು ಹೊನ್ನಾಳಿಯ ಪ್ರದರ್ಶನದ ಮಾತೆತ್ತಿ, "ನಮ್ಮ ಹುಡುಗ್ರಿಗೆ ಪೈ ಮೂರೂಕಾಲು ಬಂದಿತ್ತು ಕಣ್ರೀ. ಸ್ಕೇಲಿನ ತುದಿ ಮುರಿದಿತ್ತು. ತಿದ್ದಿಸಿದ್ವಿ," ಎಂದು ನಕ್ಕರು. ನ್ಯಾಮತಿಯ ಟೀಚರೊಬ್ಬರು, "ನಮ್ದು ಮೂರಕ್ಕೂ ಕಮ್ಮಿ ಬಂದಿತ್ತು. ದಾರ ಜಗ್ಗಿ ಹಿಡಿದಿರಲಿಲ್ಲ ಅಂತ ಬೈದು ನಾನೇ ಬರೆದೆ," ಎಂದರು. ಇನ್ನಿಬ್ಬರು ತಾವೂ ಹಾಗೇ ಮಾಡಿದ್ದಾಗಿ ಒಪ್ಪಿಕೊಂಡರು. ಚಹಾದ ಲೋಟ ಹಿಡಿದು ಎಲ್ಲರೂ ನಕ್ಕರು. ನಾನೂ ಬಾಯಿ ತೆರೆದೆ, ನಗು ಬರಲಿಲ್ಲ. ಅವರ ಚೆಂಡುಗಳ ಕತೆ ಅವರಿಗೆ ಗೊತ್ತು. ನನ್ನ ಕಣ್ಣ ಮುಂದೆ ಬಂದದ್ದು ಮೊಣಕೈವರೆಗೆ ಎದ್ದು ರಿಬ್ಬನ್ನಿಗೆ ಹೋದ ಆ ಕೈ.

ಊರಿಗೆ ಬಂದವನೇ ಮರುದಿನ ಬೀರುವಿನಿಂದ ಚೆಂಡು ತೆಗೆದೆ. ಗಾಳಿ ತುಂಬಿಸಿದೆ. ಹೊಲಿಗೆಯ ಕಡೆ ಅದೇ ಉಬ್ಬು. ಎಂಟನೇ ತರಗತಿಗೆ ಬಂದಿದ್ದ ಅವಳನ್ನು ಊಟದ ಬಿಡುವಿನಲ್ಲಿ ಜಗುಲಿಗೆ ಕರೆದು, ದಾರ, ಸ್ಕೇಲು, ಎರಡು ಇಟ್ಟಿಗೆ, ಒಂದು ಹಾಳೆ ಕೊಟ್ಟೆ. "ಇದರ ಪೈ ಎಷ್ಟು ಬರ್ತೈತೆ ನೋಡವ್ವ," ಎಂದೆ.

ಅವಳು ದಾರ ಮುಟ್ಟಲಿಲ್ಲ. ಹಾಳೆಯ ಮೇಲೆ 3.14 ಎಂದು ಬರೆದು, ಎರಡೂ ಕೈಯಲ್ಲಿ ಹಿಡಿದು ನನಗೆ ಕೊಟ್ಟಳು.

"ಅಳೀಲೇ ಇಲ್ಲವಲ್ಲವ್ವ?"

"ಯಾಕ್ ಸಾರ್ ಅಳೀಬೇಕು? ಗೊತ್ತೈತಲ್ಲ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಾನು ಸ್ವಲ್ಪ ಉಸಿರಾಡುತ್ತಿದ್ದೆ. ಅವಳ ಪಕ್ಕ ಜಗುಲಿಯ ಮೇಲೆ ಕೂತು, ಹೇಳಬೇಕಾದ್ದನ್ನು ಹೇಳಿದೆ. "ಹೋದ ವರ್ಷ ನೀನು ಬರೆದಿದ್ದೇ ಸರಿ ಇತ್ತು. ಮೂರೂ ಸರಿ ಇದ್ವು. ತಪ್ಪು ಮಾಡಿದ್ದು ನಾನು. ವೈಟ್ನರ್ ಬಳಿದಿದ್ದು ತಪ್ಪು, ಹೊನ್ನಾಳ್ಯಾಗೆ ನಿನ್ನನ್ನ ಹಂಗೆ ನೋಡಿದ್ದೂ ತಪ್ಪು." ಮಕ್ಕಳ ಮುಂದೆ ತಪ್ಪಾಯಿತು ಎಂದು ನಾನು ಹೇಳಿದ್ದು ಅದೇ ಮೊದಲು.

ಅವಳು ನೆಲ ನೋಡುತ್ತಾ ಕೇಳಿಸಿಕೊಂಡಳು. "ಆಗ್ಲಿ ಸಾರ್," ಎಂದಳು. ದಾರ ತೆಗೆದುಕೊಂಡು ಅಳೆಯಲು ಕೂತಳು. ಉದ್ದಕ್ಕೆ ಸುತ್ತಿದಳು, ಅಡ್ಡಕ್ಕೆ ಸುತ್ತಿದಳು, ಇಟ್ಟಿಗೆಗಳ ನಡುವೆ ಚೆಂಡನ್ನು ಎರಡು ಸಲ ತಿರುಗಿಸಿ ಇಟ್ಟಳು. ಕೈಗೆ ಏನೂ ಮರೆತಿರಲಿಲ್ಲ. ಅಂಗೈ ಮೇಲೆ ಪೆನ್ನಿನಿಂದ ಭಾಗಾಕಾರ ಮಾಡಿದಳು. ನಾನು ನೋಡುತ್ತಿದ್ದೆ. ಸಿಕ್ಕಿತು, ಕಳೆದದ್ದು ವಾಪಸ್ ಸಿಕ್ಕಿತು ಎಂದುಕೊಂಡೆ.

"ಮೂರು ಪಾಯಿಂಟ್ ಮೂರು ಎಂಟು, ಎರಡು ಪಾಯಿಂಟ್ ಒಂಬತ್ತು ಆರು, ಮೂರು ಪಾಯಿಂಟ್ ಒಂದು ನಾಲ್ಕು," ಎಂದು ಅಂಗೈ ನೋಡಿ ಓದಿದಳು. ಆಮೇಲೆ ಹಾಳೆಯ ಮೇಲೆ ಪೆನ್ನು ಊರಿ, ನನ್ನ ಮುಖವನ್ನೇ ನೋಡುತ್ತಾ ಕೇಳಿದಳು.

"ಯಾವ್ದು ಬರೀಲಿ ಸಾರ್?"